ಬಾಗಿಲ ಮೇಲಿನ ಸಮೃದ್ಧಿ

ಆ ಚಳಿಗೆ ಸೇನ್ ನದಿ ಕಲ್ಲಾಗಿತ್ತು,
ಬಟ್ಟಲಲ್ಲಿ ಅಗಸೆ ಎಣ್ಣೆಯೂ ಮಂದ.
ನಾನು ಬಸ್ತ್ಯಾಂ, ಬಣ್ಣ ಅರೆಯುವವನು.
ಸೀಸದ ಬಿಳಿ ಉಗುರಸಂದಿಗೆ ಸೇರಿ
ತಿನ್ನುವ ರೊಟ್ಟಿಗೂ ತುಸು ಸಿಹಿ.

ಡ್ಯೂಕರ ಅರಮನೆ, ಸಂಗೀತದ ಕೋಣೆ.
ನಾಲ್ಕು ಬಾಗಿಲ ನೆತ್ತಿಗೆ ನಾಲ್ವರು ಹೆಂಗಸರು ಬೇಕಂತೆ:
ಶಾಂತಿ, ನ್ಯಾಯ, ಸಮೃದ್ಧಿ,
ನಾಲ್ಕನೆಯವಳ ಹೆಸರು ಇನ್ನೂ ಇತ್ಯರ್ಥವಾಗಿರಲಿಲ್ಲ.

ಸಮೃದ್ಧಿಗೆಂದು ಬಂದವಳು ಪೆರೀನ್,
ನದಿಯ ದೋಣಿಕಟ್ಟೆಯಲ್ಲಿ ಬಟ್ಟೆ ಒಗೆಯುವವಳು.
ನೀರು ಹೆಪ್ಪುಗಟ್ಟಿ ಕೂಲಿ ನಿಂತಿತ್ತು.
ಒಂದು ಭುಜ ಬರಿದು, ತೊಡೆಯ ಮೇಲೆ ಕೊಂಬು,
ಕೊಂಬಿನಿಂದ ಉಕ್ಕುವ ದ್ರಾಕ್ಷಿ, ಅಂಜೂರ, ದಾಳಿಂಬೆ
ಎಲ್ಲ ಮೇಣದ್ದು.
ಯಜಮಾನರು ಬೆನ್ನು ತಿರುಗಿಸಿದಾಗ
ಒಂದು ಅಂಜೂರವನ್ನು ಮೂಸಿದಳು.
ಕಾಣದವನಂತೆ ಅರೆದೆ.

ಚಳಿಗೆ ನವಿರೆದ್ದ ತೋಳನ್ನು
ಕುಂಚ ಸವರಿ ಸವರಿ ಅಮೃತಶಿಲೆ ಮಾಡಿತು.
ಪಕ್ಕೆಲುಬು ಎಣಿಸಬಹುದಾದಲ್ಲಿ
ನೀಲಿ ಮೇಲುದವೊಂದು ಜಾರಿ ಬಿತ್ತು.
ಕೈ ಮಾತ್ರ ಜಗ್ಗಲಿಲ್ಲ:
ಬೂದಿನೀರು ತಿಂದು ಬಿರಿದ ಕೆಂಪು ಕೈ.
ಒಂದು ದಿನ ಇದ್ದಂತೆಯೇ ಬರೆದರು, ಮರುದಿನ
"ಸಮೃದ್ಧಿಯ ಕೈ ಹೀಗಿರುವುದುಂಟೆ?" ಎಂದು
ಮೊಳೆಯಲ್ಲಿ ತೂಗುತ್ತಿದ್ದ
ರೋಮಿನ ಸುಣ್ಣದಚ್ಚಿನ ಕೈ ಇಳಿಸಿ ತಂದು
ಅವಳ ಮಣಿಕಟ್ಟಿಗೆ ಬೆಸೆದರು.
ಪೆರೀನ್ ತನ್ನವೆರಡನ್ನೂ ಕಂಕುಳಲ್ಲಿ ಹುದುಗಿಸಿ
"ಬೆಚ್ಚಗಾದರೂ ಆಯಿತಲ್ಲ" ಎಂದಳು.

ಏಣಿ ಏರಿ ಚೌಕಟ್ಟಿಗೆ ಕೂರಿಸಿದವನು ನಾನೇ.
ಬಾಗಿಲ ಮೇಲಿನವಳನ್ನು
ಕೆಳಗೆ ನಿಂತವನ ಕಣ್ಣಿಗೆಂದೇ ಬರೆಯುತ್ತಾರೆ:
ಮೊಣಕಾಲು ದೊಡ್ಡದು, ತಲೆ ಸಣ್ಣದು,
ನೋಟ ಎಲ್ಲೋ ಮುಗಿಲಿಗೆ.
ಆದರೆ ತಟ್ಟೆ ಹೊತ್ತವರು ಹೊಸ್ತಿಲು ನೋಡಿ ನಡೆದರು,
ಅತಿಥಿಗಳು ಒಬ್ಬರನ್ನೊಬ್ಬರು.

ಆಮೇಲೆ ಏನೇನೋ ಆಯಿತು, ನಿಮಗೇ ಗೊತ್ತು.
ಹರಾಜಿನ ದಿನ ಗುಮಾಸ್ತ ಕೂಗಿದ:
"ಹಣ್ಣು ಹಿಡಿದ ಹೆಂಗಸು, ಒಂದು.
ಚೌಕಟ್ಟಿಗೆ ಚಿನ್ನದ ರೇಕು."
ಚೌಕಟ್ಟು ಒಬ್ಬನಿಗೆ ಹೋಯಿತು, ಹೆಂಗಸು ಇನ್ನೊಬ್ಬನಿಗೆ.
ಪೆರೀನ್ ಎಲ್ಲಿಗೆ ಹೋದಳೋ,
ಯಾವ ಪಟ್ಟಿಯಲ್ಲೂ ಇರಲಿಲ್ಲ.

ಈಗ ನನ್ನ ಕೈಯೂ ಮಣಿಕಟ್ಟಿನಿಂದ ಜೋಲುತ್ತದೆ.
ಸೀಸ, ಎನ್ನುತ್ತಾನೆ ವೈದ್ಯ. ಚಮಚ ನಿಲ್ಲುವುದಿಲ್ಲ.
ಆದರೂ ಕಸುಬಿನ ಒಂದು ಮಾತು ಹೇಳುತ್ತೇನೆ:
ಎಣ್ಣೆಯಲ್ಲಿ ಅರೆದ ಬಿಳಿ
ಮುದಿಯಾಗುತ್ತ ಆಗುತ್ತ ತೆಳುವಾಗುತ್ತದೆ,
ಅದರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.
ಆ ಸುಣ್ಣದ ಕೈಗೆ ಬೇಕಾದ ಬಿಳಿ ಅರೆದವನು ನಾನು.
ಎಣ್ಣೆ ಕೊಂಚ ಹೆಚ್ಚೇ ಹಾಕಿದ್ದೆ.