ತಯಾರಿಸಿದ ದಿನಾಂಕ

ಇಂಡಿ ಬಜಾರದಾಗ ಒಲ್ಲೆಂದು ಬದಿಗಿಟ್ಟ ನಿಂಬಿಕಾಯಿ
ಮುಂಜಾನೆ ಎಂಟಕ್ಕ ನಮ್ಮ ಕಟ್ಟಿಗೆ ಬರತಾವ.
ಸಿಪ್ಪಿ ಮ್ಯಾಲೆ ಕಜ್ಜಿ, ಮೈ ಸ್ವಲ್ಪ ಸೊಟ್ಟ,
ಮುಂಬೈ ಲಾರಿ ಹತ್ತೂ ನಸೀಬ ಇಲ್ಲ ಅವಕ್ಕ.
ಧೂಳಪ್ಪ ಟಂಟಂ ನಿಲ್ಲಿಸಿ ಕೂಗತಾನ:
"ಅಕ್ಕಾ, ನಾಕು ಚೀಲ. ರೊಕ್ಕ ಹುಣ್ಣಿವಿಗೆ ಕೊಡ್ರಿ."
ಯಾವ ಹುಣ್ಣಿವಿ ಅಂತ ಅವನೂ ಹೇಳಿಲ್ಲ,
ನಾನೂ ಕೇಳಿಲ್ಲ.

ದಾವಲಬಿ ಈಳಿಗಿ ಮುಂದ ಕುಂದರತಾಳ.
ಕಾಯಿಗೆ ಎಂಟು ಹೋಳು.
ಬೀಜ ತಗದ್ರ ಕಹಿ ಕಮ್ಮಿ ಅನ್ನೂದು ಆಕಿ ವಾದ,
ತಗ್ಯಾಕ ಆಳು ಎಲ್ಲಿ ಅನ್ನೂದು ನನ್ನ ಲೆಕ್ಕ.
ಉಪ್ಪು, ಅರಿಶಿಣ, ಬ್ಯಾಡಗಿ ಖಾರ, ಹುರಿದು ಕುಟ್ಟಿದ ಮೆಂತೆ,
ಆಮ್ಯಾಲೆ ಇಪ್ಪತ್ತೊಂದು ದಿನ ಬಿಸಿಲು.
ಅದೊಂದಕ್ಕ ನಾವು ಬಿಲ್ಲು ಕಟ್ಟೂದಿಲ್ಲ.

ಖೋಲಿ ಬಾಗಿಲಿಗೆ ನಾನ ಬರದ ಹಲಗಿ:
ಮಕ್ಕಳು ಒಳಗ ಬರಬಾರದು.
ದುಡಿಮಿ ನಮ್ಮದು, ಸಾಲಿ ಅವರದು.
ಆದರ ವಾಸನಿಗೆ ಓದಾಕ ಬರೂದಿಲ್ಲ.
ಹೊಚ್ಚಲ ದಾಟಿ ಹೋಗಿ ಗಣಿತದ ಪುಸ್ತಕದ ಮ್ಯಾಲೆ ಕುಂದರತದ,
ಇಪ್ಪತ್ತಾರು ಬಾಯಾಗ ನೀರು ತರಸತದ.

ನೂರು ಭರಣಿ ಹೋದ್ರ ತಿಂಗಳ ಹಾಲು.
ನೂರಾ ನಲವತ್ತಕ್ಕ ಹಾಲು, ಕರೆಂಟು, ಒಂದಿಷ್ಟು ಸಾಬಾಣ.
ಚಪ್ಪಲಿಗಂತ ಬ್ಯಾರೆ ಡಬ್ಬಿ ಇಟ್ಟೀನಿ;
ಅದು ತುಂಬೂದರಾಗ ಕಾಲು ಬೆಳದಿರತಾವ.

ಕಳದ ಶುಕ್ರವಾರ ಲೈಸನ್ಸಿನ ಸಾಹೇಬರು ಬಂದಿದ್ದರು.
ನೆಲ ನೋಡಿದರು, ಜಾಳಿಗಿ ನೋಡಿದರು,
ಒಂದು ಹೋಳು ನಾಲಿಗಿಗಿಟ್ಟು ಕಣ್ಣು ಮುಚ್ಚಿದರು.
"ಎಲ್ಲಾ ಛಲೋ ಅದ. ದಿನಾಂಕ ಎಲ್ಲಮ್ಮಾ?
ಭರಣಿಗೊಂದು ಹುಟ್ಟಿದ ದಿನ ಬೇಕಲ್ಲ."

ವಿಜಯಪುರಕ್ಕ ಹೋಗಿ ಠಸ್ಸೆ ತಂದೆ,
ತಾರೀಖು, ತಿಂಗಳು, ವರ್ಷ ತಿರುಗೂ ಸಣ್ಣ ಸಣ್ಣ ಗಾಲಿ.
ಠಪ್. ಠಪ್. ಠಪ್.
ಸಪ್ಪಳಕ್ಕ ದಾನಮ್ಮ ಬಂದು ಬಾಗಿಲಾಗ ನಿಂತಳು,
ಕಾಲಬೆರಳು ಹೊಚ್ಚಲಕ್ಕ ಹತ್ತಿಸಿ, ದಾಟದ.
"ಎಲ್ಲಾ ಭರಣಿಗೂ ಐದು ಪೈಸಾದಷ್ಟು ನೀಲಿ ಯಾಕ?"
"ಅದು ಯಾವತ್ತ ತಯಾರಾತು ಅನ್ನೂದು."
"ಒಂದಕ್ಕೂ ಬಿಡದ?"
"ಒಂದಕ್ಕೂ ಬಿಡದ."

ಸುಮ್ಮನ ನಿಂತಳು.
ಇಂಡಿ ರೋಡ ಸ್ಟೇಷನ್ನಿನ ಕಲ್ಲ ಬಾಕಿನ ಮ್ಯಾಲೆ
ಹಸರ ಸೀರಿ ತುಂಡಿನಾಗ ಸಿಕ್ಕಾಕಿ.
ಸಂಕ್ರಾಂತಿ ಹಿಂದೋ ಮುಂದೋ, ಪೋರ್ಟರಗ ನೆನಪಿಲ್ಲ.
ನಮ್ಮ ದಾಖಲೆದಾಗ ಇಪ್ಪತ್ತಾರರಾಗ ಹತ್ತೊಂಬತ್ತು ಮಂದಿ
ಜೂನ್ ಒಂದಕ್ಕ ಹುಟ್ಟ್ಯಾರ;
ಸಾಲಿಗೆ ಹೆಸರು ಹಚ್ಚೂವಾಗ ಹೆಡ್ ಮಾಸ್ತರು
ಎಲ್ಲಾರನೂ ಒಂದ ದಿನ ಹೆತ್ತುಬಿಟ್ಟಾರ.
ಅವತ್ತ ಒಂದ ಬುಟ್ಟಿ ಸಿರಾ, ಎಲ್ಲಾರಿಗೂ ಒಂದ ಹಾಡು.

ದಾನಮ್ಮ ಕೈ ಅಷ್ಟ ಒಳಗ ಚಾಚಿದಳು.
"ನನಗೂ ಒಂದು ಹೊಡಿ."
"ಯಾವ ತಾರೀಖಿಂದು?"
"ಜೂನ್ ಬ್ಯಾಡ. ಅವತ್ತ ಭಾಳ ಮಂದಿ ಆಗ್ಯಾರ.
ಇವತ್ತಿಂದ ಹೊಡಿ."

ಹೊಡದೆ.
ಮುಂಗೈ ಮ್ಯಾಲೆ ಅಕ್ಷರ ಒಂದೊಂದ ಕೂಡಿಸಿ ಓದಿದಳು,
ತಯಾರಿಸಿದ ದಿನಾಂಕ, ಆಮ್ಯಾಲೆ ಅಂಕಿ,
ಅದರ ಕೆಳಗ: ಹನ್ನೆರಡು ತಿಂಗಳೊಳಗೆ ಬಳಸಿ.
"ಇದೇನು?"
ನನ್ನ ಬಾಯಿ ಒಣಗಿತು.
ದಾವಲಬಿ ಈಳಿಗಿ ಬಿಟ್ಟು ಎದ್ದು ಬಂದಳು,
ಸೆರಗಿನ ತುದಿ ಉಗುಳಿನಾಗ ಒದ್ದಿ ಮಾಡಿ
ಕೆಳಗಿನ ಸಾಲು ಅಷ್ಟ ತಿಕ್ಕಿ ತಗದಳು.
"ಅದು ಸುಳ್ಳವ್ವಾ. ಉಪ್ಪಿನಕಾಯಿ ಹಳೇದಾದಂಗ ರುಚಿ."
ಉಪ್ಪು, ಖಾರ ಹತ್ತಿದ ಕೈ; ಹುಡುಗಿಗೆ ಉರದಿರಬೇಕು,
ಹಾಂ ಹೂಂ ಅನಲಿಲ್ಲ.

ರಾತ್ರಿ ಊಟಕ್ಕ ಕೈ ತೊಳಿ ಅಂದ್ರ
ಎಡಗೈ ಅಷ್ಟ ತೊಳದಳು.

ಮರುದಿನ ಧೂಳಪ್ಪ ಬರೂಕಿಂತ ಮೊದಲ
ಹಲಗಿ ಕೆಳಗ ಪಾಳಿ ಹತ್ತಿತ್ತು,
ಒಬ್ಬೊಬ್ಬರ ಚೀಟಿದಾಗ ಒಂದೊಂದು ತಾರೀಖು,
ಕಾಲು ಹೊರಗ, ಕೈ ಒಳಗ.
ಮಾಳಪ್ಪಗ ಫೆಬ್ರುವರಿ ಮೂವತ್ತು ಬೇಕಂತ,
ಅವತ್ತ ಮತ್ಯಾರೂ ಹುಟ್ಟೂದಿಲ್ಲ ಅಂತ ಯಾರೋ ಹೇಳ್ಯಾರಂತ.
ಗಾಲಿ ತಿರುವಿ ನೋಡಿದೆ.
ಇತ್ತು.