ಅರ್ಧ ಮಿಲಿಮೀಟರ್

ಕೈಲ್ ಪೊಳ್ದ್ ಕಳೆದ ಮಾರನೆಯ ಸಂಜೆ
ಸುಬೇದಾರ್ ಪಳಂಗಪ್ಪನವರು ಮೆಟ್ಟಿಲು ಹತ್ತಿ ಬರುತ್ತಾರೆ.
ಕೆಳಗೆ ಪೈಪು, ಮೊಳೆ, ಪೇಂಟಿನ ಅಂಗಡಿ,
ಮೇಲೆ ನಮ್ಮ ಎರಡು ಪೂಲ್ ಟೇಬಲ್ಲು,
ಕಿಟಕಿಯ ತುಂಬ ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಾರನ್ನು.
ಹಳೆಯ ಪ್ಯಾಂಟಿನ ಕಾಲಿನಿಂದ ಹೊಲಿದ ಚೀಲ ಬಿಚ್ಚಿ
"ಮೊಯ್ದು, ನೋಡು ಮಾರಾಯ, ಮತ್ತೆ ಅಂಟುತ್ತಿದೆ" ಎನ್ನುತ್ತಾರೆ.

ಅಂಟದೆ ಇನ್ನೇನು.
ಕೋವಿಯ ಜೊತೆ ಇದನ್ನೂ ಪೂಜೆಗೆ ಇಟ್ಟಿರುತ್ತಾರೆ,
ಒಡಿಕತ್ತಿಯ ಪಕ್ಕ, ಗಂಧ ಹಚ್ಚಿ,
ತುದಿಗೊಂದು ತೋಕ್ ಪೂ ಸಿಕ್ಕಿಸಿ.
ಕೋವಿಗೆ ಹಾಕಿದ ಎಣ್ಣೆಯೇ ಇದಕ್ಕೂ ನಾಲ್ಕು ತೊಟ್ಟು.
ಆಯುಧ ಅಂದಮೇಲೆ ಎಲ್ಲ ಒಂದೇ, ಅವರ ವಾದ.
ಕಬ್ಬಿಣ ಎಣ್ಣೆಯನ್ನು ಹೊದೆಯುತ್ತದೆ,
ಮೇಪಲ್ ಮರ ಕುಡಿಯುತ್ತದೆ.

ಮೊದಲು ಒಣ ಬಟ್ಟೆ,
ತೊಳೆದು ತೊಳೆದು ನೂಲು ಸತ್ತ ಬನಿಯನ್ನು.
ಆಮೇಲೆ ಇನ್ನೊಂದು, ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಮತ್ತೆ ಹಿಂಡಿ.
ಒದ್ದೆಯೆಂದು ಬೆರಳಿಗೆ ಗೊತ್ತಾಗಬೇಕು, ಮರಕ್ಕೆ ಗೊತ್ತಾಗಬಾರದು.
ನೀರಂತೂ ಹತ್ತಿರ ಬರಕೂಡದು.
ಕಕ್ಕಡದಲ್ಲಿ ಹೇಗೂ ಗಾಳಿಯೇ ನೀರು ಇಲ್ಲಿ,
ಗೋಡೆಗೆ ಒರಗಿಸಿದ ಕ್ಯೂಗಳೆಲ್ಲ
ಮದುವೆ ಮನೆಯಿಂದ ಬಂದವರ ಹಾಗೆ ವಾಲಿರುತ್ತವೆ.
ಮಲಗಿಸಿಡಿ ಅಂದರೆ ಹುಡುಗರು ಕೇಳಬೇಕಲ್ಲ.

ಬಟ್ಟೆಗೆ ನೀಲಿ ಬರುತ್ತದೆ. ಚಾಕಿನ ನೀಲಿ.
ಮದ್ದು ಸೊಪ್ಪಿನ ಪಾಯಸದ ನೇರಳೆಯಾದರೆ
ಒಂದು ರಾತ್ರಿ ಒಳಗಿದ್ದು ಬೆಳಿಗ್ಗೆ ತಾನೇ ಹೊರಟುಹೋಗುತ್ತದೆ,
ಹೊಸಬರು ಹೆದರಿ ಡಾಕ್ಟರ ಬಳಿ ಓಡುವುದೂ ಉಂಟು.
ಇದು ಮೊಂಡು ನೀಲಿ, ಮರದ ಎಳೆಯೊಳಗೆ ಕೂತದ್ದು.
ಪೂರ್ತಿ ಹೋಗುವುದಿಲ್ಲ.
ಹೋಗಲೇಬೇಕೆಂದು ಹಟ ಹಿಡಿದವನು ನಾನು, ಆರು ವರ್ಷದ ಹಿಂದೆ.

ಕೆಲಸಕ್ಕೆ ಸೇರಿ ಆಗ ಎರಡು ತಿಂಗಳು.
ಊಟಕ್ಕೆ ಹೋಗುವ ಮುಂಚೆ ಐತಪ್ಪಣ್ಣ ಹೇಳಿದ್ದರು,
ಮರಳುಕಾಗದ ಮುಟ್ಟಬೇಡ.
ಕೆಳಗಿನಂಗಡಿಯಿಂದ ಬಾಗಿಲು ಉಜ್ಜುವ ಕಾಗದವನ್ನೇ ತಂದೆ.
ಉಜ್ಜಿದೆ. ಬೆಳ್ಳಗಾಯಿತು. ಇನ್ನೂ ಉಜ್ಜಿದೆ.
ತೊಡೆಯ ಮೇಲೆ ಹುಡಿ, ನೂಪುಟ್ಟು ಒತ್ತುವಷ್ಟು.
ಐತಪ್ಪಣ್ಣ ಬಂದವರು ಕೂಗಾಡಲಿಲ್ಲ,
ಕ್ಯಾಲಿಪರ್ ತರಿಸಿ ಹಿಡಿದು ನೋಡಿದರು.
ಹದಿಮೂರು ಇದ್ದದ್ದು ಹನ್ನೆರಡೂವರೆ.
"ನೀಲಿ ನಾಳೆ ಮತ್ತೆ ಬರುತ್ತದೆ,
ಮರ ಬರುತ್ತದೇನೋ?"
ಸುಬೇದಾರರಿಗೆ ಹೇಳುವುದು ನಿನಗೆ ಬಿಟ್ಟದ್ದು ಎಂದರು.

ಹೇಳಲಿಲ್ಲ.
ಅವರು ಮೇಜಿನ ಮೇಲೆ ಉರುಳಿಸಿ ನೋಡಿ,
"ಕನ್ನಡಿ ಮಾಡಿದ್ದೀಯಲ್ಲೋ" ಎಂದು ಇಪ್ಪತ್ತು ರೂಪಾಯಿ ಕೊಟ್ಟರು.
ಆ ನೋಟು ಬಹಳ ದಿನ ಜೇಬಿನಲ್ಲೇ ಇತ್ತು.
ಆಮೇಲೆ ಪರೋಟಾ ತಿಂದೆ.

ಈಗ ಕಾಗದದ ತಂಟೆಗಿಲ್ಲ.
ಒರೆಸಿದ ಮೇಲೆ ಒಂದು ಚೂರು ಚರ್ಮ,
ಹರಿದ ಶೂವಿನ ನಾಲಗೆ, ಸುತ್ತಿ ಹಿಡಿದು
ಸರಸರ ಎಳೆಯುತ್ತೇನೆ, ಅಂಗೈ ಸುಡುವವರೆಗೆ.
ಬಿಸಿಗೆ ಮರದ ರೋಮ ಮಲಗುತ್ತದೆ.
ಬಟಾಣಿಯಷ್ಟು ಮೇಣ. ಅಷ್ಟೇ.

ನಿನ್ನೆಯೂ ಒರೆಸಿ ಕೊಟ್ಟೆ. ಎರಡು ಆಟ ಆಡಿ ಹೋಗುವುದು ಅವರ ರೂಢಿ.
ಬಾಲು ಜೋಡಿಸಿ ಬದಿಗೆ ನಿಂತವನು
ಅವರ ಎಡಗೈ ನೋಡಿದೆ. ಇಷ್ಟು ವರ್ಷ ಬಾಲನ್ನೇ ನೋಡುತ್ತಿದ್ದೆ.
ತೋರುಬೆರಳು ಬಾಗಿ ಹೆಬ್ಬೆರಳಿಗೆ ತಾಗಿ ಒಂದು ಬಳೆಯಾಗುತ್ತದೆ,
ಅದರೊಳಗೆ ಕ್ಯೂ ಓಡಬೇಕು,
ಎಲ್ಲರ ಕೈಯೂ ಅಲ್ಲಿಗೆ ನಿಲ್ಲುತ್ತದೆ.
ಅವರು ನಡುಬೆರಳಿನ ಗೆಣ್ಣನ್ನೂ ಒಳಕ್ಕೆ ಒತ್ತಿ
ಬಳೆಯನ್ನು ಸಣ್ಣ ಮಾಡಿಕೊಂಡಿದ್ದರು,
ಎಷ್ಟು ಬೇಕೋ ಅಷ್ಟೇ.
ಗೆಣ್ಣಿನ ಮೇಲೆ ಹಳೆಯ ಜಡ್ಡು.

ಎಂಟನೆಯ ಬಾಲು ಮೂಲೆಗೆ ಬಿತ್ತು.

"ಸರ್" ಎಂದೆ.
"ಏನು?"
"ಮುಂದಿನ ಸಲ ಎಣ್ಣೆ ಹಾಕಬೇಡಿ."
"ನೋಡೋಣ" ಎಂದು ಚಾಕ್ ಎತ್ತಿಕೊಂಡರು,
ಟಿಪ್ಪಿಗೆ ಉಜ್ಜಿದರು, ಕರ್ ಕರ್.
ಈಗಷ್ಟೇ ಒರೆಸಿದ ಮರದ ಮೇಲೆ
ನೀಲಿ ಹುಡಿ ಉದುರಿತು.