ಎಡಮಗ್ಗುಲು

ರಾತ್ರಿ ಒಂದು ನಲವತ್ತು. ಹಿಂಬಾಗಿಲು.
ಬ್ರೋಡಿ ಬಂದ. ಬಂದ ಅನ್ನುವುದಕ್ಕಿಂತ
ಬಾಗಿಲ ಚೌಕಟ್ಟೇ ಅವನನ್ನು ಹಿಡಿದುಕೊಂಡಿತು.
ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಒದ್ದೆ ಕಾಲುಚೀಲ,
ಬಾಯಲ್ಲಿ ವೋಡ್ಕಾ, ಅದರ ಮೇಲೆ ಪುದೀನದ ಚ್ಯೂಯಿಂಗ್ ಗಮ್ಮು:
ಹೆಣಕ್ಕೆ ಕರವಸ್ತ್ರ ಹೊದಿಸಿದ ಹಾಗೆ, ಸಾಲದು.

ವರದಿಯ ಹಾಳೆಯಲ್ಲಿ ಖಾನೆಗಳಿವೆ.
ಏನು ಕುಡಿದ, ಎಷ್ಟು, ಎಲ್ಲಿಂದ ತಂದ, ಯಾರ ಜೊತೆ.
ನಾನು ನೆಟ್ಟಾ, ಮೆಥಿಲಿನ ಈ ಮಕ್ಕಳ ಮನೆಯಲ್ಲಿ
ಹದಿಮೂರು ವರ್ಷದ ರಾತ್ರಿ ಪಾಳಿ.
ಕೇಳಿದೆ, ತರಬೇತಿಯಲ್ಲಿ ಕಲಿಸಿದ
ಉಗುರುಬೆಚ್ಚಗಿನ ದನಿಯಲ್ಲಿ:
ಮಾತ್ರೆ ಏನಾದರೂ ನುಂಗಿದೆಯಾ, ಮರಿ?
ಇಲ್ಲ.
ಕುಡಿದದ್ದು?
ಕಾಲು ಬಾಟಲಿ. ಆಮೇಲೆ ಬೆರಳು ಮಡಚಿ, ಅರ್ಧ. ಚಿಕ್ಕ ಬಾಟಲಿ.
ಯಾರ ಜೊತೆ?
ಸಮುದ್ರದ ಜೊತೆ.
ಅದನ್ನೇ ಬರೆದೆ. ಬೆಳಿಗ್ಗೆ ಮ್ಯಾನೇಜರ್ ಹೊಡೆದುಹಾಕಲಿ.

ಸಹಾಯವಾಣಿಯ ನರ್ಸ್ ಒಬ್ಬಳು ನಿದ್ದೆಗಣ್ಣಲ್ಲಿ ಹೇಳಿದಳು:
ಪಕ್ಕಕ್ಕೆ ತಿರುಗಿಸಿ, ಕಾಲು ಗಂಟೆಗೊಮ್ಮೆ ನೋಡಿ,
ಉಸಿರು ಎಣಿಸಿ, ಹೆಸರು ಕರೆಯಿರಿ,
ಕರೆದರೂ ಏಳದಿದ್ದರೆ ತಡ ಮಾಡದೆ ಆಂಬುಲೆನ್ಸ್.
ನಾನು ಅವನ ಬೆನ್ನಿಗೆ ದಿಂಬು ಒತ್ತುತ್ತಿದ್ದೆ.
ಕಣ್ಣು ಮುಚ್ಚಿಕೊಂಡೇ ಅವನು,
ಹಾಗಲ್ಲ.
ಮೊಣಕಾಲು ಮೊದಲು ಮಡಚು.
ಕೈ ಕೆನ್ನೆಯ ಕೆಳಗೆ ಬರಲಿ.
ಎಡಮಗ್ಗುಲು, ನೆಟ್ಟಾ, ಎಡಮಗ್ಗುಲು.
ಅಮ್ಮನನ್ನು ಯಾವಾಗಲೂ ಎಡಕ್ಕೇ ತಿರುಗಿಸುತ್ತಿದ್ದೆ.
ಬಕೆಟ್ಟು ಇನ್ನೂ ಹತ್ತಿರ.

ಯಾವ ವಯಸ್ಸಿಗೆ ಕಲಿತೆ ಎಂದು ಕೇಳಲಿಲ್ಲ.
ಕಡತದಲ್ಲಿದೆ. ಆರು.
ಈ ಹಾಳೆಯಲ್ಲಿ ಅದಕ್ಕೆ ಖಾನೆಯಿಲ್ಲ.

ಎರಡೂ ಹತ್ತು. ಉಸಿರು, ನಿಮಿಷಕ್ಕೆ ಹದಿನಾಲ್ಕು.
ಅವನ ವಯಸ್ಸೂ ಹದಿನಾಲ್ಕು.
ಬ್ರೋಡಿ, ಅಂದೆ. ಗೊಣಗಿದ.
ಈ ಕೆಲಸದಲ್ಲಿ ಗೊಣಗು ಅಂದರೆ ಒಳ್ಳೆಯ ಸುದ್ದಿ.

ಮೇಲಿನ ಕೋಣೆಯಿಂದ ಮಾವಿನಹಣ್ಣಿನ ವಾಸನೆ.
ಮಾವಿನ ಮರವನ್ನೇ ನೋಡದ ಈ ಊರಿನಲ್ಲಿ
ಕಿಟಕಿಯ ಸಂದಿಯಿಂದ ವೇಪ್ ಊದುತ್ತಿದ್ದಾಳೆ ಇಸ್ಲಾ.
ಬಾಗಿಲು ತಟ್ಟುತ್ತೇನೆ, ಆದರೆ ನಿಧಾನವಾಗಿ ಮೆಟ್ಟಿಲು ಹತ್ತುತ್ತೇನೆ,
ಕೆಮ್ಮುತ್ತಾ, ಬರುತ್ತಿದ್ದೇನೆಂದು ಗೊತ್ತಾಗುವ ಹಾಗೆ.
ಹಿಂದಿನ ಮ್ಯಾನೇಜರ್ ಒಮ್ಮೆ ಎಲ್ಲರ ಹಾಸಿಗೆ ಮಗುಚಿ
ಸಿಗರೇಟು, ಲೈಟರು, ಎಲೆ, ಪುಡಿ ಎಲ್ಲ ಗುಡಿಸಿ ಹಾಕಿದ.
ಮನೆ ಒಂದು ವಾರ ಆಸ್ಪತ್ರೆಯಷ್ಟು ಚೊಕ್ಕಟ.
ಮಕ್ಕಳು ಹಡಗುಕಟ್ಟೆಗೆ ಹೋದರು.
ಅಲ್ಲಿ ಕಾರಿನ ಗಾಜು ಇಳಿಸಿ ಕೂತ ಗಂಡಸರು
ಬಿಟ್ಟಿ ಕೊಡುತ್ತಿದ್ದರು.
ಬಿಟ್ಟಿ ಕೊಟ್ಟದ್ದರ ಬೆಲೆ ನಮಗೆ ಆಮೇಲೆ ತಿಳಿಯಿತು.

ಈಗ ಆಫೀಸಿನಲ್ಲಿ ಒಂದು ಡ್ರಾಯರು,
ವಶಪಡಿಸಿಕೊಂಡ ಲೈಟರುಗಳು, ದಿನಾಂಕದ ಚೀಟಿ ಅಂಟಿಸಿ.
ಒಂದು ಕ್ಲಿನಿಕ್ಕು, ಮಂಗಳವಾರ, ಹೋದರೆ ಉಂಟು.
ಒಂದು ಮಾತು, ಬಿಡು ಅಂತಲ್ಲ, ಈ ವಾರ ಒಂದು ಕಡಿಮೆ ಅಂತ.
ನಾನು ಬಿಟ್ಟು ನಾಲ್ಕು ವರ್ಷ. ಬಿಟ್ಟೆ ಅನ್ನುವುದು ದೊಡ್ಡ ಮಾತು,
ಬೂದಿ ಮುಚ್ಚಿದ ಕೆಂಡ.
ಡ್ರಾಯರು ಎಳೆದಾಗೆಲ್ಲ
ಹೆಬ್ಬೆರಳು ತನ್ನಷ್ಟಕ್ಕೆ ಮಿಡಿಯುತ್ತದೆ.

ಮೂರು. ಮೂರೂಕಾಲು. ಮೂರೂವರೆ.
ಫೋರ್ತ್ ಕೊಲ್ಲಿಯ ಮೇಲೆ ದೀಪ ಹಚ್ಚಿದ ಟ್ಯಾಂಕರು
ಎಲ್ಲೂ ಹೋಗದೆ ನಿಂತಿದೆ.
ಒಂದು ಸಲ, ನಾಲ್ಕೂಮುಕ್ಕಾಲಿಗೋ ಏನೋ,
ಬಾಗಿಲಲ್ಲೇ ನಿಂತೆ. ಒಳಗೆ ಹೋಗಲು ಕಾಲು ಬರಲಿಲ್ಲ.
ಬೆನ್ನು ಏರಿಳಿಯುವುದು ಕಾಣುತ್ತಿತ್ತು. ಸಾಕೆಂದು ತಿರುಗಿದೆ.
ಅದನ್ನು ಹಾಳೆಯಲ್ಲಿ ಬರೆಯಲಿಲ್ಲ.

ಬೆಳಿಗ್ಗೆ ಅಡುಗೆಮನೆ. ಟೋಸ್ಟು, ಬೆಣ್ಣೆಯಿಲ್ಲದೆ.
ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು ಕೇಳಿದ:
ಎಷ್ಟು ಸಲ ಬಂದೆ?
ಹಾಳೆ ನೋಡಿದೆ. ಇಪ್ಪತ್ತು.
ಇಪ್ಪತ್ತೊಂದು, ಅಂದ.
ಒಂದು ಸಲ ಬಾಗಿಲಲ್ಲೇ ನಿಂತು ಹೋದೆ.

ಇಡೀ ರಾತ್ರಿ
ನಾನು ಅವನ ಉಸಿರು ಎಣಿಸುತ್ತಿದ್ದರೆ
ಅವನು ನನ್ನ ಹೆಜ್ಜೆ ಎಣಿಸುತ್ತಿದ್ದ.

ಪೆನ್ನು ತೆಗೆದು ತಿದ್ದಿದೆ.
ಸಕ್ಕರೆ ಡಬ್ಬಿಯ ಪಕ್ಕ ಹಸಿರು ಲೈಟರು ಒಂದಿತ್ತು,
ಯಾವಾಗ ಇಟ್ಟನೋ. ಅದನ್ನೂ ಬರೆದೆ:
ಲೈಟರು, ಒಂದು. ವಶಪಡಿಸಿಕೊಂಡದ್ದಲ್ಲ.